ಗೆರಿಟ್ ಭಾನುವಾರ ಬಿಚ್ಚಿದ ಬೀಗ

ಗೆರಿಟ್ ಹೂಕ್ಸ್ಟ್ರಾ ಭಾನುವಾರ ಸ್ಕ್ರೂಡ್ರೈವರ್ ಹಿಡಿದದ್ದನ್ನು ನಮ್ಮ ಬೀದಿ ಒಂದೇ ಒಂದು ಸಲ ನೋಡಿತು. ಮಿಷಿಗನ್ನಿನ ಈ ಡಚ್ಚರ ಊರಿನಲ್ಲಿ ಭಾನುವಾರ ದೇವರ ದಿನ, ಕೆಲಸ ಮಾಡಕೂಡದು; ಅಂದು ಹುಲ್ಲು ಕತ್ತರಿಸುವವರಿಲ್ಲ, ಬಟ್ಟೆ ಒಗೆದು ಹರವುವವರೂ ಇಲ್ಲ. ಗೆರಿಟ್ ಅಂತೂ ಚರ್ಚಿನ ಹಿರಿಯರಲ್ಲೊಬ್ಬ. ನಲವತ್ತೊಂದು ವರ್ಷ ಪೇಟೆಯಲ್ಲಿ ಬೀಗದ ಅಂಗಡಿ ನಡೆಸಿದವನು. ಹೆಂಡತಿ ಅಲೀಡಾ ಪಕ್ಕದಲ್ಲೇ ನಿಂತು ಬೀಗದಕೈ ಕತ್ತರಿಸುತ್ತಿದ್ದಳು. ಅಂಗಡಿ ಮುಚ್ಚಿದ ಮೇಲೆ ಯಂತ್ರಗಳು ಅವರ ಮನೆಯ ನೆಲಮಾಳಿಗೆ ಸೇರಿದವು. ನಾನು ಎದುರು ಮನೆಯವಳು.

ಎಪ್ಪತ್ತೆಂಟನೇ ವಯಸ್ಸಿಗೆ ಅವನ ಕಣ್ಣು ಮಂಜಾಯಿತು. ಇನ್ನು ಕಾರು ಓಡಿಸಕೂಡದೆಂದು ಡಾಕ್ಟರು ಹೇಳಿದರು. ಈ ಊರಿನ ರಸ್ತೆಗಳು ತನಗೆ ಬಾಯಿಪಾಠ, ಕಣ್ಣು ಬೇಕಾದದ್ದು ಹೊರಗಿನವರಿಗೆ ಎಂದು ಗೆರಿಟ್ ಓಡಿಸುತ್ತಲೇ ಇದ್ದ.

೧೯೮೮ರ ಅಕ್ಟೋಬರಿನ ಆ ಭಾನುವಾರ ಚರ್ಚಿಗೆ ಹೊರಟು ಕಾರಿನಲ್ಲಿ ಕುಳಿತ. ಬೀಗದಕೈ ಒಳಗೆ ಹೋಯಿತು, ತಿರುಗಲಿಲ್ಲ. ಮತ್ತೆ ಹಾಕಿದ. ತಿರುಗಲಿಲ್ಲ. ಕೋಟು ಕಳಚಿಟ್ಟು ಸಾಮಾನಿನ ಪೆಟ್ಟಿಗೆ ತಂದ. ನಾನು ಕಿಟಕಿಯಲ್ಲಿ ನಿಂತುಬಿಟ್ಟೆ. ಬೀದಿಕೊನೆಯ ಮನೆಯ ಬೌಮಾ, ಚರ್ಚಿಗೆ ಹೋಗುತ್ತಾ, ಅವನ ಪಕ್ಕ ಕಾರು ನಿಲ್ಲಿಸಿದ.

"ಹಿರಿಯರೇ, ಇವತ್ತು ಯಾವ ವಾರ ಅಂತ ಮರ್ತು ಹೋಯ್ತಾ?"

ಗೆರಿಟ್ ಸ್ಕ್ರೂ ಬಿಚ್ಚುತ್ತಲೇ ಇದ್ದ. ಮುಂದಿನದು ಅಲೀಡಾ ನನಗೆ ಆಮೇಲೆ ಹೇಳಿದ್ದು.

ತಂತಿ ಆಡಿಸಿ ಸ್ಟೀರಿಂಗ್ ಬಳಿಯ ಆ ಬೀಗ ತಿರುಗಿಸಿ, ಅದರ ಉರುಳೆಯನ್ನು ಹೊರಗೆಳೆದು ಅವನು ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದ. ಒಳಗೆ ಬೀಗದಕೈಯ ಹಲ್ಲಿಗೆ ತಕ್ಕಂತೆ ಏರಿಳಿಯುವ ಹಿತ್ತಾಳೆ ಬಿಲ್ಲೆಗಳನ್ನು ಒಂದೊಂದಾಗಿ ಬೆರಳಿನಿಂದ ಸವರಿದ. ಕಣ್ಣಿಗಿಂತ ಬೆರಳೇ ಅವನಿಗೆ ಹೆಚ್ಚು ಹೇಳುತ್ತಿತ್ತು. ಸವೆದ ಬಿಲ್ಲೆ ಒಂದೂ ಇರಲಿಲ್ಲ. ಎಲ್ಲವೂ ಹೊಸವು, ಬೇರೆ ಎತ್ತರದವು. ಯಾರೋ ಬೀಗವನ್ನು ಬೇರೊಂದು ಬೀಗದಕೈಗೆ ಹೊಂದಿಸಿದ್ದರು. ಕಳ್ಳನೆಂದುಕೊಂಡ. ಆಗ ಹೆಬ್ಬೆರಳು ಕಪ್ಪಾಗಿರುವುದು ತಿಳಿಯಿತು. ಎಣ್ಣೆಯ ಜಿಡ್ಡಿಲ್ಲ, ಒಣ ನುಣುಪು. ಬೀಗಕ್ಕೆ ಎಣ್ಣೆ ಬೇಡ, ಪೆನ್ಸಿಲ್ ಸೀಸದ ಪುಡಿಯೇ ಸರಿ ಎಂದು ನಲವತ್ತು ವರ್ಷ ಅವನೊಡನೆ ಜಗಳಾಡಿದವಳು ಒಬ್ಬಳೇ. ಅವಳು ಒಲೆಯ ಮುಂದೆ ನಿಂತಿದ್ದಳು.

ಅವನು ಕಪ್ಪಾದ ಹೆಬ್ಬೆರಳನ್ನು ಅವಳತ್ತ ಹಿಡಿದ.

"ನೀನಾ?"

"ನಾನೇ. ಶುಕ್ರವಾರ, ನೀನು ಕ್ಷೌರಕ್ಕೆ ಹೋಗಿದ್ದಾಗ."

ಕಲಿಸಿದವನಿಗೇ ಬೀಗ ಹಾಕುತ್ತೀಯಾ ಎಂದು ಕೇಳಿದ. ಹಳೆಯ ಬಿಲ್ಲೆಗಳು ಎಲ್ಲಿವೆಯೋ ಕೊಡು, ಅರ್ಧ ಗಂಟೆಯಲ್ಲಿ ಮೊದಲಿನಂತೆ ಮಾಡುತ್ತೇನೆಂದ. ಅವಳು ಡಬ್ಬಿ ತಂದು ಅವನ ಮುಂದಿಟ್ಟಳು.

"ಬುಧವಾರ ನಾನು ಸ್ಟೀರಿಂಗ್ ಎಳೆದ್ನಲ್ಲ, ಯಾಕೆ ಹೇಳು."

"ನಾಯಿ ಅಡ್ಡ ಬಂತು."

"ನಾಯಿ ಅಂತ ನೀನಂದೆ. ನಾನು ಹೂಂ ಅಂದೆ. ಅದು ಬೌಮಾನ ಮೊಮ್ಮಗಳು ಗೆರಿಟ್. ರಸ್ತೆಯಲ್ಲಿ ಕೂತು ಬೂಟಿನ ದಾರ ಕಟ್ಕೋತಿದ್ಲು. ಈಗ ತಾನೆ ಬೌಮಾನ ಕಾರಿನ ಹಿಂದಿನ ಸೀಟಿಂದ ನಿಂಗೆ ಕೈ ಬೀಸಿದ್ಲು. ಕಾಣಿಸ್ತಾ?"

ಕಂಡಿರಲಿಲ್ಲ.

ಕಾಫಿ ಆರಿ ಕೆನೆಗಟ್ಟಿತು. ಬೆಳಗಿನ ಪ್ರಾರ್ಥನೆ ಮುಗಿದು ಕಾರುಗಳು ಹಿಂತಿರುಗುವುದನ್ನು ನಾನು ನೋಡಿದೆ. ಹೂಕ್ಸ್ಟ್ರಾ ಮನೆಯವರು ಚರ್ಚು ತಪ್ಪಿಸಿದ್ದು ಅದೇ ಮೊದಲು.

ಕೊನೆಗೆ ಅವನು ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ಅವಳ ಹೊಸ ಬೀಗದಕೈ ಕೇಳಿ ಪಡೆದ. ಅವಳು ಜೋಡಿಸಿದ್ದಂತೆಯೇ ಬಿಲ್ಲೆಗಳನ್ನು ಕೂರಿಸಿ ತಿರುಗಿಸಿ ನೋಡಿದ.

"ಮೂರನೇದು ತಡೀತಾ ಇದೆ. ಚಳಿಗಾಲದಲ್ಲಿ ಕೈ ಕೊಡುತ್ತೆ," ಎಂದ. ಆ ಬಿಲ್ಲೆಯನ್ನು ಅರದಿಂದ ಎರಡು ಸಲ ಉಜ್ಜಿ ಮತ್ತೆ ಹಾಕಿದ. ಎಣ್ಣೆ ಹಾಕಲಿಲ್ಲ.

ಸಂಜೆಯ ಪ್ರಾರ್ಥನೆಗೆ ಕಾರು ಹೊರಟಾಗ ಅಲೀಡಾ ಓಡಿಸುತ್ತಿದ್ದಳು. ಪಕ್ಕದಲ್ಲಿ ಗೆರಿಟ್, ಟೋಪಿ ಮಡಿಲಲ್ಲಿಟ್ಟುಕೊಂಡು. ತಿರುವಿನಲ್ಲಿ ಎಡಕ್ಕೆ, ಬಲಕ್ಕೆ ಎಂದು ಅವನು ಒಮ್ಮೆಯೂ ಹೇಳಲಿಲ್ಲವಂತೆ.