ಕ್ರೋಟನ್ ಕುಂಡ ಬದಲಿಸಿದವಳು ನಾನು

ಸರೋಜಾ, ನಿನ್ನ ಕ್ರೋಟನ್ ಗಿಡವನ್ನು ಕೊಂದವಳು ನಾನು. ಪಕ್ಕದ ಮನೆಯ ಮೆಹರ್ ಅಲ್ಲ. ಮೂರನೇ ಇಯತ್ತೆಗೆ ಶಾಲೆ ಬಿಟ್ಟ ಅತ್ತೆ ಮೊಮ್ಮಗಳ ಬರೆಯುವ ಪಟ್ಟಿಯ ಹಾಳೆ ಹರಿದು ಬರೆಯಲು ಕೂತಿದ್ದಾಳೆಂದು ನಗಬೇಡ — ಬಾಯಿಂದ ಹೇಳಲು ಐದು ವರ್ಷ ನೋಡಿದೆ, ಆಗಲಿಲ್ಲ.

ಆ ಬೇಸಿಗೆಯಲ್ಲಿ ನೀನು ತಂಗಿಯ ಬಾಣಂತನಕ್ಕೆ ಮಾನ್ವಿಗೆ ಹೋದೆ. ಗಿಡಕ್ಕೆ ನೀರು ಹಾಕಲು ಮೆಹರ್‌ಗೆ ಹೇಳಿ ಹೋದೆ. ಗಿಡ ಕೊಟ್ಟವಳು ಅವಳೇ, ನಿಜ. ಆದರೆ ಮನೆಯಲ್ಲಿ ನಾನಿದ್ದೆನಲ್ಲ — ದೇವದುರ್ಗದ ಹೊಲದಲ್ಲಿ ಹತ್ತಿ ಬೆಳೆದವಳಿಗೆ ಪಡಸಾಲೆಯ ಒಂದು ಗಿಡಕ್ಕೆ ನೀರು ಹಾಕಲು ಬರುವುದಿಲ್ಲವೇ? ಹೊಟ್ಟೆ ಉರಿಯಿತು.

ಬೇರು ಕುಂಡದ ತೂತಿನಿಂದ ಹೊರಗೆ ಬಂದಿತ್ತು. ಹಾಕಿದ ನೀರು ನಿಲ್ಲದೆ ಕೆಳಗೆ ಸುರಿಯುತ್ತಿತ್ತು. ದೊಡ್ಡ ಕುಂಡ ಬೇಕಾಗಿತ್ತು, ಅದರಲ್ಲಿ ನನ್ನ ಎಣಿಕೆ ತಪ್ಪಲಿಲ್ಲ. ಮೆಹರ್ ಹೇಳಿದ್ದಳು: "ಯವ್ವಾ, ಈ ಬಿಸಲಾಗ ಕೈ ಹಚ್ಚಬ್ಯಾಡ್ರಿ. ಎರಡು ಮಳಿ ಬೀಳ್ಲಿ, ನಾನೇ ಬಂದು ಬದಲಿ ಮಾಡ್ತೀನಿ."

"ನೀ ಹುಟ್ಟೂಕಿಂತ ಮೊದಲ ಮಣ್ಣು ನೋಡೀನಿ, ಹೋಗಬೇ," ಎಂದೆ.

ಮರುದಿನವೇ ತವರಿನ ಹೊಲದ ಕರಿ ಎರೆಮಣ್ಣು ತರಿಸಿದೆ. ಮರಳಿಲ್ಲ, ಗೊಬ್ಬರವಿಲ್ಲ, ಬರೀ ಎರೆಮಣ್ಣು — ದೊಡ್ಡ ಕುಂಡಕ್ಕೆ ತುಂಬಿ ಗಿಡ ನೆಟ್ಟೆ. ಹತ್ತಿ ಬೆಳೆಯುವ ಮಣ್ಣಿಗೆ ಈ ಬಣ್ಣದ ಎಲೆ ಯಾವ ಲೆಕ್ಕ! ಮೆಹರ್ ದಿನಾ ನೀರು ಹಾಕಿದರೂ ಆ ಬಿಸಿಲಿಗೆ ವಾರದಲ್ಲಿ ಮಣ್ಣು ಒಣಗಿ ಬಾಯಿ ಬಿಟ್ಟಿತು. ಆ ಬಿರುಕಿನಲ್ಲಿ ಬೇರು ಹರಿದವು. ಎಲೆ ಉದುರಿ ಕಡ್ಡಿ ಉಳಿಯಿತು. ಮಳೆಯವರೆಗೆ ಮುಟ್ಟದೆ ಬಿಟ್ಟಿದ್ದರೆ ಬದುಕುತ್ತಿತ್ತು, ಹಾಳಾದ್ದು.

ನೀನು ಬಂದು ಕೇಳಿದೆ: "ಅತ್ತಿ, ಕುಂಡ ಯಾರು ಬದಲಿ ಮಾಡ್ಯಾರ್ರಿ?"

"ನನ್ನನ್ಯಾಕ ಕೇಳ್ತಿ? ದಿನಾ ನೀರು ಹಾಕಾಕ ಬರಾಕಿ ಯಾರು?"

ಅಷ್ಟೇ ಅಂದದ್ದು. ಹೆಸರು ಕೂಡ ಹೇಳಲಿಲ್ಲ — ಹಾಗೆಂದು ಎಷ್ಟು ದಿನ ನನಗೆ ನಾನೇ... ಥೂ. ನೀನು ಎರಡು ಮನೆಯ ನಡುವಿನ ಗೋಡೆಯ ಹತ್ತಿರ ನಿಂತು ಅವಳಿಗೆ ಬೈದೆ. ಅವಳು ಕುಂಡದ ಕರಿ ಮಣ್ಣು ನೋಡಿದಳು, ನನ್ನ ಮುಖ ನೋಡಿದಳು. "ಹೋಗ್ಲಿ ಬಿಡು ಸರೋಜಾ, ತಪ್ಪಾತು," ಎಂದಳು. ಮಾಡದ ತಪ್ಪಿಗೆ! ಬಾಯಿ ಬಿಡಬಾರದಿತ್ತೇ ಆ ಹೆಂಗಸು? ಇವತ್ತಿಗೂ ಅವಳ ಮೇಲೆ ಸಿಟ್ಟು ಬರುತ್ತದೆ — ನನ್ನ ಮೇಲೆ ಬರಬೇಕಾದದ್ದು. ಅಂದಿನಿಂದ ಆ ಗೋಡೆಯ ಮೇಲೆ ಪಲ್ಯದ ಬಟ್ಟಲು ಆಚೆ ಹೋಗಲಿಲ್ಲ, ಈಚೆ ಬರಲಿಲ್ಲ.

ಈ ಶುಕ್ರವಾರ ಮೆಹರ್ ಮನೆ ಖಾಲಿ ಮಾಡಿ ಶಕ್ತಿನಗರಕ್ಕೆ, ಮಗಳ ಹತ್ತಿರ ಹೋಗುತ್ತಾಳೆ. ಕುಂಡಗಳನ್ನೆಲ್ಲ ಬಾಗಿಲಿಗೆ ತಂದಿಟ್ಟಿದ್ದಾಳೆ. ನೀನು ಕಂಡೂ ಕಾಣದವಳಂತೆ ಬಟ್ಟೆ ಒಣಹಾಕುತ್ತೀ — ಕಣ್ಣು ಮಾತ್ರ ಗೋಡೆಯ ಆಚೆ.

ಈ ಹಾಳೆಯನ್ನು ಚಹಾಪುಡಿ ಡಬ್ಬಿಯ ಕೆಳಗೆ ಇಟ್ಟಿದ್ದೇನೆ. ನೀನು ಓದುವ ಹೊತ್ತಿಗೆ ನಾನು ಅವಳ ಬಾಗಿಲಲ್ಲಿ ನಿಂತಿರುತ್ತೇನೆ. ಕ್ಷಮಿಸು ಎಂದು ನಿನ್ನನ್ನು ಕೇಳುತ್ತಿಲ್ಲ. ಬೈಯುವುದಿದ್ದರೆ ಅಲ್ಲಿಗೇ ಬಾ. ಅವಳೂ ಕೇಳಲಿ.