ಮಿಷನ್ ಶಾಲೆಯ ಜೇಡಿಮಣ್ಣಿನ ಆನೆಗಳು

ಹೊಳೆನರಸೀಪುರದಲ್ಲಿ ನಾನು ಓದಿದ ಮಿಷನ್ ಹೆಣ್ಣುಮಕ್ಕಳ ಶಾಲೆಗೆ ಸ್ವಂತ ಬುದ್ಧಿ ಬಂದದ್ದು ಹಡಗಿನಲ್ಲಿ. ನಮ್ಮ ದೊರೆಸಾನಿ, ಅಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ, ರಜೆಯ ಮೇಲೆ ಇಂಗ್ಲೆಂಡಿಗೆ ಹೋಗಿದ್ದವರು ಅಲ್ಲಿಂದ ಅದನ್ನು ತಂದರು. ಆಗ ನನಗೆ ಒಂಬತ್ತೋ ಹತ್ತೋ ವರ್ಷ. ಅಪ್ಪನಿಗೆ ಪೇಟೆಯಲ್ಲಿ ಬೆಲ್ಲದ ಮಂಡಿ ಇತ್ತು. ಮನೆಯಲ್ಲಿ ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಹಚ್ಚಿಕೊಂಡು ಹೋಗಿ ಶಾಲೆಯಲ್ಲಿ ಯೇಸುವಿನ ಹಾಡು ಹೇಳುವುದು ನಮಗೆ ಯಾರಿಗೂ ವಿಚಿತ್ರವಾಗಿ ಕಾಣುತ್ತಿರಲಿಲ್ಲ. ಹಾಡು ಯಾವ ದೇವರದಾದರೂ ಆಗಲಿ, ಮಗಳ ಅಕ್ಷರ ದುಂಡಗಿದ್ದರೆ ಅಪ್ಪನಿಗೆ ಸಾಕಿತ್ತು.

ಅಲ್ಲಿಯವರೆಗೆ ನಮ್ಮ ವಿದ್ಯೆಯೆಲ್ಲ ಕನ್ನಡ ಮೇಷ್ಟ್ರ ಕೈಯಲ್ಲಿತ್ತು. ಅವರು ಚನ್ನರಾಯಪಟ್ಟಣದ ಕಡೆಯ ಕ್ರಿಶ್ಚಿಯನ್ನರು. ಭಾನುವಾರ ಚರ್ಚಿನಲ್ಲಿ ಉಪದೇಶ, ಉಳಿದ ದಿನ ನಮಗೆ ಪಾಠ. ಹಸುವಿನ ಮೇಲೆ ಪ್ರಬಂಧ ಬರೆಯಿರಿ ಎಂದರೆ ಎಲ್ಲರ ಸ್ಲೇಟಿನ ಮೇಲೂ ಅವರು ಹೇಳಿಕೊಟ್ಟ ಒಂದೇ ಹಸು ಬರುತ್ತಿತ್ತು. ಚಿತ್ರದ ಪಾಠಕ್ಕೆ ಗೋಡೆಯ ಮೇಲೆ ಮಾವಿನಹಣ್ಣಿನ ಪಟವೊಂದಿತ್ತು. ಅದನ್ನು ನೋಡಿ ನೋಡಿ ಬರೆದು, ಕಣ್ಣು ಮುಚ್ಚಿಕೊಂಡರೂ ಅದೇ ಹಣ್ಣು ಬರೆಯುವಷ್ಟು ನಾವು ಪಳಗಿದ್ದೆವು.

ದೊರೆಸಾನಿ ಬಂದವರೇ ಆ ಪಟವನ್ನು ಇಳಿಸಿದರು. ಅವರು ಕನ್ನಡ ಕಲಿತದ್ದು ಬೈಬಲ್ಲಿನಿಂದ. ಆದ್ದರಿಂದ ಅವರ ಮಾತೆಲ್ಲ ಅದೇ ಧಾಟಿಯಲ್ಲಿರುತ್ತಿತ್ತು. "ಇನ್ನು ಮೇಲೆ ಯಾರೊಬ್ಬರನ್ನೂ ನೋಡಿ ಬರೆಯಬೇಡಿರಿ. ನಿಮ್ಮ ನಿಮ್ಮ ಹೃದಯದಲ್ಲಿ ಏನುಂಟೋ ಅದನ್ನೇ ಮಾಡಿರಿ" ಎಂದರು. ಹಾಗೆ ಮಾಡಿದ್ದು ಹೇಗೇ ಇದ್ದರೂ ಯಾರನ್ನೂ ಬಯ್ಯುವುದಿಲ್ಲ ಎಂದೂ ಮಾತು ಕೊಟ್ಟರು.

ಮೇಷ್ಟ್ರು ವಿಧೇಯ ಮನುಷ್ಯರು. ದೊರೆಸಾನಿಯ ಅಪ್ಪಣೆಯನ್ನು ಬೋರ್ಡಿನ ಮೇಲೆ ಬರೆದು, ನಮ್ಮನ್ನು ಸಾಲಾಗಿ ನಿಲ್ಲಿಸಿ, "ನಾವು ಸ್ವಂತವಾಗಿ ಯೋಚಿಸುತ್ತೇವೆ, ಯಾರನ್ನೂ ಅನುಕರಿಸುವುದಿಲ್ಲ" ಎಂದು ಒಕ್ಕೊರಲಿನಿಂದ ಹೇಳಿಸಿದರು. ಮಾರನೆಯ ದಿನ ಒಬ್ಬೊಬ್ಬರಿಂದಲೂ ಒಪ್ಪಿಸಿಕೊಂಡರು. ತಪ್ಪಿದವರು ಬೆಂಚಿನ ಮೇಲೆ ನಿಂತರು.

ಆಮೇಲೆ ಒಂದು ದಿನ ಕೆರೆಯ ಜೇಡಿಮಣ್ಣು ಗಾಡಿಯಲ್ಲಿ ಬಂದು ಶಾಲೆಯ ಅಂಗಳದಲ್ಲಿ ಬಿತ್ತು. ಪೆನ್ಸಿಲ್ಲಿಗಿಂತ ಮಣ್ಣಿನಲ್ಲಿ ಮಕ್ಕಳ ಮನಸ್ಸು ಬೇಗ ಅರಳುತ್ತದೆ ಎಂದು ದೊರೆಸಾನಿ ಇಂಗ್ಲೆಂಡಿನಲ್ಲಿ ಕಲಿತು ಬಂದಿದ್ದರು. ನಾನು ಮನೆಗೆ ಹೋಗಿ ಹೇಳಿದಾಗ ಅಜ್ಜಿ ಅಪ್ಪನ ಕಡೆ ತಿರುಗಿ, "ಓದುಸ್ಲಿ ಅಂತ ಕಳ್ಸುದ್ರೆ ಮಣ್ ಕಲ್ಸುಸ್ತಾರಲ್ಲ. ಮನೇಲೇ ಇದ್ದಿದ್ರೆ ಸಗಣಿನಾದ್ರೂ ತಟ್ಟೋಳು" ಎಂದಳು. ಅಪ್ಪ, ಬಿಳಿಯರು ಸುಮ್ಮನೆ ಏನೂ ಮಾಡುವುದಿಲ್ಲ, ಏನೋ ಲಾಭವಿರಬೇಕು ಎಂದು ಸಮಾಧಾನ ಹೇಳಿದರು.

ಮಣ್ಣಿನ ಪಾಠದ ದಿನ ದೊರೆಸಾನಿ ನಮ್ಮನ್ನು ಜಗುಲಿಯ ಮೇಲೆ ದೂರ ದೂರ ಕೂರಿಸಿದರು. ತಾವು ಎದುರಿಗಿದ್ದರೆ ನಾವು ತಮಗೆ ಇಷ್ಟವಾದದ್ದನ್ನೇ ಮಾಡಲು ಹೋಗಿ ಸ್ವಂತ ಬುದ್ಧಿಯನ್ನು ಕಳೆದುಕೊಳ್ಳುತ್ತೇವೆ ಎಂದು ಅವರಿಗೆ ಭಯ. ಅದಕ್ಕೇ ಬಂಗಲೆಗೆ ಹೊರಟುಹೋದರು. ಮೇಷ್ಟ್ರನ್ನೂ ಒಳಗೆ ಕೂತಿರಲು ಹೇಳಿದರು. ಯಾರೂ ಯಾರ ಕಡೆಯೂ ನೋಡಲಿಲ್ಲ. ನೋಡಬಾರದೆಂಬುದನ್ನು ನಾವು ಬಾಯಿಪಾಠ ಮಾಡಿದ್ದೆವಲ್ಲ.

ದೊರೆಸಾನಿ ಒಂದೇ ಒಂದು ವಿಷಯವನ್ನು ಯೋಚಿಸಿರಲಿಲ್ಲ. ಅದು ಭಾದ್ರಪದದ ಹೊಸ್ತಿಲು. ಗೌರಿ ಹಬ್ಬಕ್ಕೆ ಇನ್ನೊಂದು ವಾರವೂ ಇರಲಿಲ್ಲ. ಕುಂಬಾರರ ಮನೆಗಳ ಮುಂದೆ ಹಲಗೆಯ ತುಂಬ ಗಣಪತಿಗಳು ಒಣಗುತ್ತಿದ್ದವು. ಶಾಲೆಗೆ ಬರುತ್ತಾ ಹೋಗುತ್ತಾ ಅವನ್ನು ನೋಡುತ್ತಾ ನಿಲ್ಲುವುದೇ ನಮಗೆ ಕೆಲಸವಾಗಿತ್ತು. ಅಂಥ ದಿನಗಳಲ್ಲಿ ಕೈಗೆ ಹಸಿ ಜೇಡಿಮಣ್ಣು ಕೊಟ್ಟು, ಹೃದಯದಲ್ಲಿ ಇರುವುದನ್ನು ಮಾಡಿರಿ ಎಂದರೆ ಇನ್ನೇನಾಗುತ್ತದೆ?

ಅವರು ಹಿಂತಿರುಗಿದಾಗ ಜಗುಲಿಯ ಉದ್ದಕ್ಕೂ ಗಣಪತಿಗಳು ಕೂತಿದ್ದರು. ದೊಡ್ಡ ಹೊಟ್ಟೆಯವರು, ಸಣ್ಣ ಹೊಟ್ಟೆಯವರು, ಸೊಂಡಿಲು ಮುರಿದವರು, ಕಿವಿ ಜಾರಿದವರು. ನಾನು ಒಬ್ಬಳು ಬಸವಣ್ಣನನ್ನು ಮಾಡಿದ್ದೆ. ಎಲ್ಲಕ್ಕಿಂತ ಚೆಂದದ್ದು ನನ್ನ ಗೆಳತಿಯದು. ಊರಾಚೆ ಗದ್ದೆ ತೋಟ ಇದ್ದ ಗೌಡರ ಮನೆಯ ಹುಡುಗಿ ಅವಳು. ಓದಿನಲ್ಲಿ ಕೊನೆ. ಅವಳ ಗಣಪತಿಯ ಕಾಲ ಬಳಿ ಕೂತಿದ್ದ ಇಲಿ ಈಗ ಓಡುತ್ತದೋ ಆಗ ಓಡುತ್ತದೋ ಅನ್ನುವ ಹಾಗಿತ್ತು.

ದೊರೆಸಾನಿ ಈ ತುದಿಯಿಂದ ಆ ತುದಿಗೆ ನಡೆದರು. ಮುಖ ಕೆಂಪಾಯಿತು. ಇದನ್ನು ನಿಮಗೆ ಹೇಳಿಕೊಟ್ಟವರು ಯಾರು ಎಂದು ಕೇಳಿದರು. ನನ್ನ ಗೆಳತಿ ಎದ್ದು ನಿಂತು, "ಯಾರೂ ಏಳ್ಕೊಟ್ಟಿಲ್ಲ ಅಮ್ಮಾರೆ. ಮನ್ಸಲ್ಲೇ ಇತ್ತು" ಎಂದಳು. ಬಯ್ಯುವುದಿಲ್ಲವೆಂದು ಮಾತು ಕೊಟ್ಟಿದ್ದರಲ್ಲ, ಅವರು ನೆಟ್ಟಗೆ ಬಂಗಲೆಗೆ ಹೋದರು.

ಎದೆ ಒಡೆದದ್ದು ಮೇಷ್ಟ್ರಿಗೆ. ಮಾರನೆಯ ಬೆಳಿಗ್ಗೆಯೇ ಹಾಸನದಿಂದ ದೊಡ್ಡ ಪಾದ್ರಿಗಳು ಹೊಸ ಶಿಕ್ಷಣವನ್ನು ನೋಡಲು ಮೋಟಾರಿನಲ್ಲಿ ಬರುವವರಿದ್ದರು. ಕ್ರೈಸ್ತ ಶಾಲೆಯ ಜಗುಲಿಯ ಮೇಲೆ ಒಂದು ಬೀದಿಗಾಗುವಷ್ಟು ವಿನಾಯಕರನ್ನು ಕಂಡರೆ ಅವರು ಏನೆಂದಾರು? ಮೇಷ್ಟ್ರು ನಮ್ಮನ್ನು ಮನೆಗೆ ಬಿಡಲಿಲ್ಲ. ಎಲ್ಲವನ್ನೂ ಮುರಿದು ಮಣ್ಣಿನ ಗುಡ್ಡೆಗೆ ಹಾಕಲು ಹೇಳಿದರು. ಯಾರೂ ಕೈ ಮುಂದೆ ಮಾಡಲಿಲ್ಲ. ವಿಸರ್ಜನೆ ಮಾಡದೆ ಗಣಪತಿಯನ್ನು ಮುರಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಮೇಷ್ಟ್ರು ತಾವೇ ಒಂದರ ಮೇಲೆ ಕೈ ಇಟ್ಟರು, ಇಟ್ಟ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಅವರ ಅಜ್ಜನ ಕಾಲದವರೆಗೆ ಅವರ ಮನೆಯಲ್ಲೂ ಗಣಪತಿ ಕೂರುತ್ತಿದ್ದನಂತೆ.

ಕೊನೆಗೆ ಅವರು ಶಾಸ್ತ್ರವನ್ನೇ ಹಿಡಿದರು. "ಪೂಜೆ ಆಗೈತೇನ್ರವ್ವಾ?" ಎಂದು ಕೇಳಿದರು. ಇಲ್ಲ ಎಂದೆವು. "ಮಂತ್ರ ಏಳಿ ಪ್ರಾಣ ತುಂಬೋಗಂಟ ಅದು ಬರೀ ಮಣ್ಣು. ಬೇಕಾದ್ರೆ ನಿಮ್ಮ ಪುರೋಹಿತ್ರನ್ನೇ ಕೇಳಿ. ಮುರಿಯೋದೂ ಬ್ಯಾಡ, ಒಸಿ ತಿದ್ಕಂಡ್ರೆ ಸಾಕು."

ಆಮೇಲೆ ಅವರು ನೋಹನ ಕಥೆ ಹೇಳಿದರು: ಲೋಕವೆಲ್ಲ ಮುಳುಗುವ ಪ್ರಳಯ ಬಂದಾಗ ಪ್ರಾಣಿಗಳನ್ನೆಲ್ಲ ಜೋಡಿ ಜೋಡಿಯಾಗಿ ಒಂದು ನಾವೆಯೊಳಗೆ ಹತ್ತಿಸಿ ಉಳಿಸಿದನಲ್ಲ, ಆ ಕಥೆ. ಹೇಳುತ್ತಾ ಹೇಳುತ್ತಾ ಒಂದು ಗಣಪತಿಯನ್ನು ಮೆಲ್ಲಗೆ ಮುಂದಕ್ಕೆ ಬಗ್ಗಿಸಿ, ಕೈಗಳನ್ನು ನೆಲಕ್ಕೆ ಊರಿಸಿ, ಹೊಟ್ಟೆಯನ್ನು ಬೆನ್ನಿನ ಕಡೆಗೆ ಒತ್ತಿದರು. ಆನೆಯಾಯಿತು. ನಾವೂ ಹಾಗೇ ಮಾಡಿದೆವು. ಹೊತ್ತು ಮುಳುಗುವುದರೊಳಗೆ ಜಗುಲಿಯ ಮೇಲೆ ಆನೆಯ ಹಿಂಡೇ ನಿಂತಿತು. ಗೆಳತಿ ತನ್ನ ಇಲಿಗೆ ಒಂದು ಜೊತೆ ಇಲಿ ಮಾಡಿದಳು. ನನ್ನ ಬಸವಣ್ಣನನ್ನು ನೋಡಿ ಮೇಷ್ಟ್ರು, ಇದು ಹೇಗಿದ್ದರೂ ಎತ್ತೇ ಎಂದು ಒಂದು ಮೂಲೆಗೆ ಸರಿಸಿದರು. ನನಗೆ ತುಂಬಾ ಬೇಜಾರಾಯಿತು. ಎಲ್ಲರದಕ್ಕೂ ಏನಾದರೊಂದು ಆಗಿತ್ತು, ನನ್ನದಕ್ಕೆ ಏನೂ ಆಗಿರಲಿಲ್ಲ.

ಬೆಳಿಗ್ಗೆ ಪಾದ್ರಿಗಳು ಬಂದರು. ಬಿಳಿ ಗಡ್ಡದ ವಯಸ್ಸಾದ ಮನುಷ್ಯ. ಮೇಷ್ಟ್ರು, ಮಕ್ಕಳು ನೋಹನ ನಾವೆಯ ಪ್ರಾಣಿಗಳನ್ನು ಮಾಡಿದ್ದಾರೆ ಎಂದು ವಿನಯವಾಗಿ ತಿಳಿಸಿದರು. ಪಾದ್ರಿಗಳು ಬಗ್ಗಿ ಬಗ್ಗಿ ನೋಡಿದರು. ಆಮೇಲೆ ನಮ್ಮ ಕಡೆ ತಿರುಗಿ, ದೇವರು ಪ್ರತಿಯೊಂದರಲ್ಲೂ ಒಂದೇ ಜೋಡಿ ಎಂದಲ್ಲವೇ ಹೇಳಿದ್ದು, ಇಷ್ಟೊಂದು ಆನೆ ಏಕೆ ಎಂದು ಕೇಳಿದರು. ನನ್ನ ಗೆಳತಿ ಎದ್ದಳು.

"ನಮ್ ಕಡೆ ಕಾಡಲ್ಲಿ ಆನೆ ಜಾಸ್ತಿ ಸಾ. ಎಲ್ಡೇ ಅತ್ತುಸ್ಕಂಡ್ರೆ ಉಳಿದವು ಬುಟ್ಬುಡ್ತಾವಾ?"

ಪಾದ್ರಿಗಳು ನಗುತ್ತಾ ಕುರ್ಚಿಯ ಮೇಲೆ ಕೂತುಬಿಟ್ಟರು. ಸತ್ಯವೇದದ ಕಥೆಯನ್ನು ಈ ಮಕ್ಕಳು ತಮ್ಮ ಸೀಮೆಗೇ ಒಗ್ಗಿಸಿಕೊಂಡಿದ್ದಾರೆ, ಸ್ವಂತ ಕಲ್ಪನೆ ಎಂದರೆ ಇದೇ ಎಂದು ದೊರೆಸಾನಿಯ ಕೈ ಕುಲುಕಿದರು. ದೊರೆಸಾನಿ ಸುಳ್ಳು ಹೇಳುವವರಲ್ಲ. ರಾತ್ರಿ ಕಳೆಯುವಷ್ಟರಲ್ಲಿ ಜಗುಲಿಯ ಗಣಪತಿಗಳು ಏನಾದವೆಂದು ಅವರಿಗೆ ತಿಳಿಯದೆ ಇರಲಿಲ್ಲ. "ಅವರ ಹೃದಯದಲ್ಲಿ ಇದ್ದದ್ದನ್ನು ಮಾಡಿದ್ದಾರೆ" ಎಂದಷ್ಟೇ ಹೇಳಿ ಬೇರೆ ಕಡೆ ನೋಡಿದರು.

ಇದರ ಫಲ ದೊಡ್ಡದಾಯಿತು. ಅರಕಲಗೂಡು, ಚನ್ನರಾಯಪಟ್ಟಣದ ಮಿಷನ್ ಶಾಲೆಗಳಲ್ಲೂ ಮಕ್ಕಳ ಕಲ್ಪನೆಯನ್ನು ಹೀಗೆಯೇ ಬೆಳೆಸಬೇಕೆಂದು ಅಪ್ಪಣೆಯಾಯಿತು. ಅಲ್ಲಿನ ಉಪಾಧ್ಯಾಯರಿಗೆ ಕಲಿಸಲು ನಮ್ಮ ಮೇಷ್ಟ್ರನ್ನೇ ನೇಮಿಸಿದರು. ಅವರು ಮಾದರಿಗೆಂದು ಒಂದು ಆನೆಯನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಮುಂದಿನ ವರ್ಷದಿಂದ ಮೂರೂ ಊರುಗಳಲ್ಲಿ ಪ್ರತಿಯೊಂದು ಮಗುವೂ ತನ್ನ ಸ್ವಂತ ಬುದ್ಧಿಯಿಂದ ಅದೇ ಆನೆಯನ್ನು ಮಾಡತೊಡಗಿತು. ನನ್ನ ಗೆಳತಿ ಮಾತ್ರ ಲೆಕ್ಕದಲ್ಲಿ ಫೇಲಾಗಿ ಶಾಲೆ ಬಿಟ್ಟಳು. ಹರದನಹಳ್ಳಿ ಕಡೆ ಮದುವೆಯಾಗಿ ಹೋದಳು.

ಯುದ್ಧ ಜೋರಾಗಿ ಎಲ್ಲದಕ್ಕೂ ರೇಷನ್ ಬಂದಿದ್ದ ಕಾಲಕ್ಕೆ ನಾನೂ ಟ್ರೇನಿಂಗ್ ಮುಗಿಸಿ ಅರಕಲಗೂಡಿನ ಮಿಷನ್ ಶಾಲೆಯಲ್ಲಿ ಟೀಚರಾದೆ. ನಮ್ಮ ಮೇಷ್ಟ್ರು ತೀರಾ ವಯಸ್ಸಾಗಿದ್ದರೂ ಇನ್ನೂ ಕಲ್ಪನೆಯ ಮೇಲ್ವಿಚಾರಣೆಗೆ ಬರುತ್ತಿದ್ದರು. ಮಕ್ಕಳು ಆನೆ ಬಿಟ್ಟು ಬೇರೇನಾದರೂ ಮಾಡಬಹುದೇ ಎಂದು ಅವರನ್ನು ಕೇಳಿದೆ. ಅವರು ಕನ್ನಡಕ ಒರೆಸಿಕೊಂಡು ಹೇಳಿದರು: "ಮಾಡ್ಲಿ ಕಣವ್ವ, ಧಾರಾಳವಾಗಿ ಮಾಡ್ಲಿ. ನೋಡಕ್ ಬಂದೋರ್ಗೆ ಏನ್ ಏಳ್ತೀಯ ಅನ್ನೋದ್ನ ಮಾತ್ರ ನೀನು ಮುಂಚೇನೇ ಮಾಡ್ಕಂಡಿರು."

ಆ ವರ್ಷ ಮಣ್ಣು ಕೊಟ್ಟು ನಾನು ಸುಮ್ಮನೆ ಕೂತೆ. ಒಬ್ಬ ಪುಟ್ಟ ಹುಡುಗಿ, ಕೊಣನೂರಿನವಳು, ಒಂದರ ಹಿಂದೆ ಒಂದರಂತೆ ಹೆಂಗಸರ ಸಾಲನ್ನು ನಿಲ್ಲಿಸಿದ್ದಳು. ಒಬ್ಬೊಬ್ಬಳ ಕಂಕುಳಲ್ಲೂ ಒಂದೊಂದು ಡಬ್ಬ. ಕೆಲವರು ಸುಸ್ತಾಗಿ ಕುಕ್ಕರಗಾಲಲ್ಲಿ ಕೂತಿದ್ದರು. ಒಬ್ಬಳು ಜಗಳಕ್ಕೆ ಕೈ ಎತ್ತಿದ್ದಳು. ಆ ಕೈ ಈಗ ಬೀಸುತ್ತದೋ ಆಗ ಬೀಸುತ್ತದೋ ಅನ್ನುವ ಹಾಗಿತ್ತು. ಶಾಲೆಯ ತನಿಖೆಗೆ ಬಂದ ಇನ್ಸ್ಪೆಕ್ಟರಮ್ಮ ಇದೇನೆಂದು ಕೇಳಿದಾಗ ನಾನು ತಡವರಿಸಲಿಲ್ಲ. ಬೈಬಲ್ಲಿನಲ್ಲಿ ಐಗುಪ್ತದ ಗುಲಾಮಗಿರಿ ಬಿಟ್ಟು ಹೊರಟ ಇಸ್ರಾಯೇಲರು ಎಂದೆ. ಕಂಕುಳಲ್ಲಿರುವುದು ಏನು ಎಂದರು. ಆಕಾಶದಿಂದ ದೇವರು ಸುರಿಸಿದ ಮನ್ನ ಎಂಬ ಆಹಾರವನ್ನು ತುಂಬಿಕೊಳ್ಳುವ ಪಾತ್ರೆ ಎಂದೆ. ಅವರು ಬಹಳ ಮೆಚ್ಚಿಕೊಂಡರು.

ಹುಡುಗಿ ನನ್ನ ಸೆರಗು ಜಗ್ಗಿ, "ಅಲ್ಲ ಟೀಚರಮ್ಮ, ಅದು ಸೀಮೆಣ್ಣೆ ಡಬ್ಬ. ಕೈ ಎತ್ತಿರೋ ಇವ್ಳು ನಮ್ಮವ್ವ" ಎಂದಳು. ಇನ್ಸ್ಪೆಕ್ಟರಮ್ಮ ಅಷ್ಟರಲ್ಲಿ ಮುಂದಿನ ಆನೆಯ ಹತ್ತಿರ ಹೋಗಿದ್ದರು.