ಕಪ್ಪು ಫೋನು, ನೀಲಿ ಫೋನು ಮತ್ತು ಸಿದ್ದರಾಜುವಿನ ಬೆರಳು

ನನ್ನ ಮೇಜಿನ ಮೇಲೆ ಒಂದು ಕೋಷ್ಟಕವಿದೆ. ಎಡಕ್ಕೆ ಕಪ್ಪು ಫೋನು, ಬಲಕ್ಕೆ ನೀಲಿ ಫೋನು, ಅವುಗಳ ಕೆಳಗೆ ಇಪ್ಪತ್ತಮೂರು ಗುಣಾವಗುಣಗಳು. ಅದನ್ನು ಸಿದ್ಧಪಡಿಸಲು ಏಳು ವಾರ ಹಿಡಿಯಿತೆಂದು ಒಪ್ಪಿಕೊಳ್ಳಲು ಸಂಕೋಚವಾಗುತ್ತದೆ. ದಿನಚರಿಯನ್ನು ನೋಡಿ ಹೇಳುವುದಾದರೆ ಏಳು ವಾರ ಎರಡು ದಿನ. ಗಾಜಿನ ಮೇಲೆ ಬೆರಳಿಟ್ಟರೆ ಎಚ್ಚರಗೊಳ್ಳುವ ಈ ಯಂತ್ರಗಳ ವಿಷಯದಲ್ಲಿ ನಂಜನಗೂಡಿನಲ್ಲಿ ನನಗಿಂತ ಹೆಚ್ಚು ಓದಿದವರು ಇರಲಾರರು. ಅವುಗಳನ್ನು ನನಗಿಂತ ಕೆಟ್ಟದಾಗಿ ಬಳಸುವವರೂ ಇರಲಾರರು.

ಇದು ನನ್ನ ವೃತ್ತಿಯಿಂದ ಬಂದ ರೋಗ. ಶಾಸನಗಳನ್ನು ಓದುವುದು ನನ್ನ ಕೆಲಸವಾಗಿತ್ತು. ಕಲ್ಲಿನ ಮೇಲೆ ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ ಎಲ್ಲವೂ ಇರುತ್ತವೆ. ಅವು ಒಂದಕ್ಕೊಂದು ಹೊಂದುತ್ತವೆಯೇ ಎಂದು ಪಂಚಾಂಗದ ಲೆಕ್ಕ ಹಿಡಿದು ನೋಡದೆ ನಾವು ಒಂದು ಸಾಲನ್ನೂ ನಂಬುವುದಿಲ್ಲ. ನಿವೃತ್ತಿಯ ಅನಂತರ ಪರೀಕ್ಷಿಸಲು ಕಲ್ಲುಗಳು ಸಿಗದಿದ್ದಾಗ ಈ ಚಪಲ ಮದುವೆಯ ಕರೆಯೋಲೆ, ಔಷಧದ ಚೀಟಿ, ಹಾಲಿನ ಪೊಟ್ಟಣಗಳ ಮೇಲೆ ತಿರುಗಿತು. ಹಾಗಾಗಿ ಅಂಗಡಿಬೀದಿಯ ಫೋನಿನ ಅಂಗಡಿಯಲ್ಲಿ ನಾನು ಮೊದಲು ಕೇಳಿದ್ದು ಬೆಲೆಯನ್ನಲ್ಲ. ಕಪ್ಪು ಫೋನಿನ ಪೆಟ್ಟಿಗೆಯ ಮೇಲಿದ್ದ ತಿಂಗಳಿಗೂ ಒಳಗಿನ ಕೈಪಿಡಿಯಲ್ಲಿದ್ದ ತಿಂಗಳಿಗೂ ಏಕೆ ವ್ಯತ್ಯಾಸವಿದೆಯೆಂದು ಕೇಳಿದೆ. ನೀಲಿ ಫೋನು ತಾರೀಖನ್ನು ತಿಂಗಳು ಮೊದಲು ಮಾಡಿ ತೋರಿಸುತ್ತಿತ್ತು. ನಾಲ್ಕು ಮತ್ತು ಏಳು ಎಂದರೆ ಏಪ್ರಿಲ್ ಏಳೋ ಜುಲೈ ನಾಲ್ಕೋ ಎಂದು ವಿಚಾರಿಸಿದೆ. ಅಂಗಡಿಯವರು ಬಹಳ ಹೊತ್ತು ತಾಳ್ಮೆಯಿಂದಿದ್ದರು. ಕೊನೆಗೆ, "ಸಾರ್, ಫೋನ್ ತಗೊಳ್ಳೋಕ್ಕೆ ಬಂದಿದೀರೋ, ಇದಕ್ಕೆ ಜಾತಕ ಬರೆಯೋಕ್ಕೆ ಬಂದಿದೀರೋ?" ಎಂದರು.

ಫೋನು ನನಗಾಗಿ ಅಲ್ಲ. ನನ್ನ ಜೇಬಿನಲ್ಲಿರುವುದು ನನ್ನ ತಂಗಿಯ ಮಗಳು ಬಳಸಿ ಬಿಟ್ಟದ್ದು. ಮಾತಿಗೂ ಸಂದೇಶಕ್ಕೂ ಅದು ಸಾಕು. ನಾನು ಹುಡುಕುತ್ತಿದ್ದದ್ದು ತಿ. ನರಸೀಪುರದ ಸಿದ್ದರಾಜು ಅವರಿಗಾಗಿ.

ಸಿದ್ದರಾಜು ಮೂವತ್ತು ವರ್ಷ ನನ್ನ ಜೊತೆಯಲ್ಲಿ ಪಡಿಯಚ್ಚು ತೆಗೆದವರು. ಕಲ್ಲನ್ನು ಉಜ್ಜಿ ತೊಳೆದು, ಒದ್ದೆ ಕಾಗದವನ್ನು ಅದರ ಮೈಗೆ ಹೊದಿಸಿ, ಗಡುಸು ಬ್ರಷ್ಷಿನಿಂದ ಕುಟ್ಟಿ ಕುಟ್ಟಿ ಅಕ್ಷರಗಳ ಕುಳಿಗೆ ಇಳಿಸಿ, ಮೇಲೆ ಮಸಿ ತಟ್ಟಿ ಎಬ್ಬಿಸಿದರೆ, ಕಲ್ಲು ಹೊತ್ತು ತರಲಾಗದ ಮಾತನ್ನು ಕಾಗದ ಹೊತ್ತು ತರುತ್ತದೆ. ಹೊರಗಿನವರಿಗೆ ಇದು ಅಗಸರ ಕೆಲಸದಂತೆ ಕಾಣುತ್ತದೆ. ನಾನು ಓದಿದ ಪ್ರತಿಯೊಂದು ಅಕ್ಷರವನ್ನೂ ಅವರ ಬೆರಳು ನನಗಿಂತ ಮೊದಲು ಓದಿತ್ತು. ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವನ್ನು ಬೆರಳ ತುದಿಯಿಂದ ತಡವಿ, "ಇಲ್ಲೊಂದು ಕೊಂಬದೆ ಸಾ" ಎಂದು ಹೇಳುತ್ತಿದ್ದರು, ಕೊಂಬು ಇರುತ್ತಿತ್ತು.

ಹೋದ ವರ್ಷ ಅವರ ಗಂಟಲಿನಲ್ಲಿ ಗಡ್ಡೆ ಕಾಣಿಸಿಕೊಂಡು ಮೈಸೂರಿನಲ್ಲಿ ಶಸ್ತ್ರಚಿಕಿತ್ಸೆಯಾಯಿತು. ಜೀವ ಉಳಿಯಿತು, ಧ್ವನಿ ಉಳಿಯಲಿಲ್ಲ. ಊರಿಗೆ ಮರಳಿದ ಮೇಲೆ ಅವರ ಹೆಂಡತಿ ಮಹದೇವಮ್ಮ ಒಂದು ಸ್ಲೇಟು ತಂದುಕೊಟ್ಟರಂತೆ. ಮಕ್ಕಳಂತೆ ಕೊರಳಿಗೆ ಸ್ಲೇಟು ಕಟ್ಟಿಕೊಳ್ಳಲು ಅವರು ಒಪ್ಪಲಿಲ್ಲವಂತೆ. ನಾನು ಎಂದಿನಂತೆ ಗುರುವಾರ ಸಂಜೆ ಫೋನು ಮಾಡುವುದನ್ನು ಬಿಡಲಿಲ್ಲ. ನಾನು ಮಾತನಾಡುವುದು, ಅವರು ಕೇಳುವುದು. ಹಾಗೆ ನೋಡಿದರೆ ಮೂವತ್ತು ವರ್ಷವೂ ನಡೆದದ್ದು ಅದೇ. ಕೆಲವು ವಾರಗಳಲ್ಲಿ ಅವರು ಒಂದು ಉಪಾಯ ಕಂಡುಕೊಂಡರು. ಅವರ ಹಳೆಯ ಗುಂಡಿ ಫೋನಿನ ಬಾಯಿಯ ಹತ್ತಿರ ಉಗುರಿನಿಂದ ಕುಟ್ಟುತ್ತಿದ್ದರು. ಒಂದು ಸಲ ಕುಟ್ಟಿದರೆ ಹೌದು, ಎರಡು ಸಲವಾದರೆ ಅಲ್ಲ. ನಾನು ಯಾವುದಾದರೂ ಹಳೆಯ ಪ್ರಸಂಗ ನೆನಪಿಸಿ ನಕ್ಕರೆ ಆ ಕಡೆಯಿಂದ ಟಕಟಕಟಕ ಎಂದು ಕೇಳಿಸುತ್ತಿತ್ತು, ಅದು ನಗು.

ಮನುಷ್ಯನ ಮಾತನ್ನು ಹೌದು ಮತ್ತು ಅಲ್ಲಗಳಿಗೆ ಇಳಿಸಿಬಿಟ್ಟ ಆ ಫೋನಿನ ಬಗ್ಗೆ ನನಗೆ ದಿನೇದಿನೇ ಕೋಪ ಬರತೊಡಗಿತು. ಅಕ್ಷರಗಳ ನಡುವೆಯೇ ಬದುಕಿದವರಿಗೆ ಅಕ್ಷರಗಳನ್ನೇ ಹಿಂದಿರುಗಿಸಬೇಕು ಎಂದುಕೊಂಡೆ. ಕೋಷ್ಟಕ ಶುರುವಾದದ್ದು ಹಾಗೆ.

ಕಪ್ಪು ಫೋನಿನಲ್ಲಿ ಅಕ್ಷರಗಳು ದಪ್ಪ, ಬೆಳಕು ಕಣ್ಣಿಗೆ ಹಿತ, ಒಂದು ಸಲ ವಿದ್ಯುತ್ತು ತುಂಬಿದರೆ ಎರಡು ದಿನ ನಿಲ್ಲುತ್ತದೆ. ಆದರೆ ಕನ್ನಡದ ಕೀಲಿಗಳು ಸಾಸಿವೆಯ ಹಾಗೆ ಒತ್ತೊತ್ತಾಗಿ ಕುಳಿತಿವೆ. ನೀಲಿ ಫೋನು ಕಿಸೆಯಲ್ಲಿ ಬೆಚ್ಚಗಾಗುತ್ತದೆ, ಕೈಯಿಂದ ಜಾರುತ್ತದೆ; ಆದರೆ ಗಾಜಿನ ಮೇಲೆ ಕೈಬರಹದಲ್ಲಿ ಬರೆದದ್ದನ್ನು ತಾನೇ ಓದಿ ಅಚ್ಚಿನಕ್ಷರ ಮಾಡುತ್ತದೆ. ನನ್ನ ಕೈಬರಹವನ್ನು ನನ್ನ ಸಹೋದ್ಯೋಗಿಗಳೇ ಓದಲಾರದೆ ಬಿಟ್ಟಿದ್ದರು, ಅದು ಓದಿತು. ಅಲ್ಲದೆ, ಮಾತನಾಡುವಾಗ ಸುತ್ತಲಿನ ಬೇಡದ ಸದ್ದನ್ನು ಅಳಿಸಿ ಮನುಷ್ಯಧ್ವನಿಯನ್ನು ಮಾತ್ರ ಕಳುಹಿಸುವ ಶಕ್ತಿಯೂ ಅದಕ್ಕಿತ್ತು. ಆ ಸಾಲಿನಲ್ಲಿ ನೀಲಿಗೆ ಪೂರ್ತಿ ಅಂಕ ಕೊಟ್ಟು ಕೆಂಪು ಶಾಯಿಯಲ್ಲಿ ಅಡಿಗೆರೆಯನ್ನೂ ಎಳೆದೆ. ಇಷ್ಟನ್ನು ತೀರ್ಮಾನಿಸಲು ಏಳು ವಾರ ಬೇಕಿತ್ತೇ ಎಂದು ನೀವು ಕೇಳಬಹುದು. ಅಷ್ಟೂ ಗುರುವಾರ ಅವರು ಆ ತುದಿಯಲ್ಲಿ ಕುಟ್ಟುತ್ತ ಕುಳಿತಿದ್ದರು ಎಂಬುದು ನನಗೆ ಆಗ ಹೊಳೆಯಲಿಲ್ಲ.

ಅಂಗಡಿಯವರು ನನ್ನನ್ನು ಸಾಗಹಾಕಿದರೆ ಸಾಕೆಂದು ಎರಡನ್ನೂ ಒಂದು ದಿನದ ಮಟ್ಟಿಗೆ ಒಯ್ಯಲು ಬಿಟ್ಟರು. ತಿ. ನರಸೀಪುರದ ಬಸ್ಸು ಹತ್ತಿದೆ. ನಮ್ಮೂರಿನ ಕಪಿಲೆ ಅವರೂರಿಗೆ ಹೋಗಿ ಕಾವೇರಿಯನ್ನು ಸೇರುತ್ತದೆ. ಇಲ್ಲಿಂದ ಅಲ್ಲಿಗೆ ಯಾವ ಕೈಪಿಡಿಯನ್ನೂ ಓದದೆ ತಲಪುವುದು ಅದೊಂದೇ ಎಂದು ದಾರಿಯುದ್ದಕ್ಕೂ ಅನ್ನಿಸುತ್ತಿತ್ತು.

ಸಿದ್ದರಾಜು ಕಪ್ಪು ಫೋನಿನ ಮೇಲೆ ಬೆರಳಿಟ್ಟರು. ಏನೂ ಆಗಲಿಲ್ಲ. ಒತ್ತಿದರು. ಮತ್ತೂ ಒತ್ತಿದರು, ಬ್ರಷ್ಷು ಹಿಡಿದು ಅಭ್ಯಾಸವಾದ ಕೈ, ಒತ್ತಿದಷ್ಟೂ ಅಕ್ಷರ ಮೂಡಬೇಕೆಂಬುದು ಅದರ ನಂಬಿಕೆ. ನೀಲಿಯೂ ಅಲುಗಲಿಲ್ಲ. ನನ್ನ ಇಪ್ಪತ್ತಮೂರು ಸಾಲುಗಳಲ್ಲಿ ಬೆರಳಿನ ಬಗ್ಗೆ ಒಂದು ಸಾಲೂ ಇರಲಿಲ್ಲ. ಕಲ್ಲು ಉಜ್ಜಿ, ಮಸಿ ತಿಂದು, ಜಡ್ಡುಗಟ್ಟಿ ಒಣಗಿದ ಆ ತುದಿಗಳನ್ನು ಗಾಜು ಬೆರಳೆಂದೇ ಗುರುತಿಸಲಿಲ್ಲ.

ಬಾಗಿಲ ಬಳಿ ಅವರೆಕಾಯಿ ಸುಲಿಯುತ್ತ ಕುಳಿತಿದ್ದ ಮಹದೇವಮ್ಮ ತಲೆಯೆತ್ತದೆ, "ಇದ್ಕೂ ನಮ್ ಕೈ ಆಗಾಕಿಲ್ವಾ ಸಾ?" ಎಂದರು.

ಸಿದ್ದರಾಜುವಿನ ಭುಜಗಳು ಕುಲುಕಿದವು, ಸದ್ದಿಲ್ಲದ ನಗು. ನನಗೆ ನಗು ಬರಲಿಲ್ಲ. ನಮ್ಮ ಮೊದಲ ವರ್ಷಗಳಲ್ಲಿ, ಒಂದು ಊರಿನ ಯಜಮಾನರು ಸಿದ್ದರಾಜುವಿನ ಕೇರಿ ಯಾವುದೆಂದು ಕೇಳಿ ತಿಳಿದು ಗುಡಿಯಂಗಳದ ಕಲ್ಲನ್ನು ಮುಟ್ಟಗೊಡಲಿಲ್ಲ. ಅಂದು ನಾನೇ ಒಳಗೆ ಹೋಗಿ ಕಣ್ಣಳತೆಯಲ್ಲಿ ನಕಲು ಮಾಡಿಕೊಂಡು ಬಂದೆ. ಯಜಮಾನರೊಡನೆ ವಾದಿಸಲಿಲ್ಲ. ಆ ನಕಲಿನಲ್ಲಿ ಹನ್ನೊಂದು ತಪ್ಪುಗಳಿದ್ದವು.

ಪೇಟೆಗೆ ಹೋಗಿ ರಬ್ಬರು ತುದಿಯ ಕಡ್ಡಿಯೊಂದನ್ನು ತಂದೆ. ಅದಕ್ಕೆ ನೀಲಿ ಫೋನು ಒಲಿಯಿತು. ಸಿದ್ದರಾಜು ಗಾಜಿನ ಮೇಲೆ ತಮ್ಮ ಹೆಸರು ಬರೆದರು. ಅದು ಅಚ್ಚಾಗಿ ಮೇಲೆದ್ದಿತು. ಅದನ್ನು ಅವರು ನೋಡಿದ ರೀತಿಯನ್ನು ನಾನು ವರ್ಣಿಸಲಾರೆ. ಸಿಮ್ಮನ್ನು ನೀಲಿಗೆ ಹಾಕಿಸಿ, ಕಪ್ಪನ್ನು ಅಂಗಡಿಗೆ ಮರಳಿಸಿ, ಗೆದ್ದವನಂತೆ ಮನೆಗೆ ಬಂದೆ.

ಮೂರನೆಯ ದಿನ ಬೆಳಿಗ್ಗೆ ಮೊದಲ ಸಂದೇಶ ಬಂತು. ಅದನ್ನು ಇದ್ದ ಹಾಗೆಯೇ ಕೊಡುತ್ತೇನೆ: "ಸಾ, ಮುಡುಕುತೊರೆ ದಾರೀಲಿ ಮಳೆ ಹಿಡೀತಲ್ಲ, ಮಾಘದ ಹುಣ್ಣಿಮೆ ಮಾರನೇ ದಿನ. ನೀವು ಅಂಗಿ ಬಿಚ್ಚಿ ನನ್ನ ಅಚ್ಚಿನ ಮೇಲೆ ಹೊದಿಸಿ ಬರಿಮೈಲಿ ನೆಂದ್ರಿ. ಅಂಗೆ ಯಾರೂ ಮಾಡಿರ್ನಿಲ್ಲ. ಅವತ್ತಿಂದ ಹೇಳ್ಬೇಕು ಅನ್ಕೊಂಡೇ ಇದ್ದೆ."

ನಾನು ಏನು ಮಾಡಿದೆನೆಂದು ಊಹಿಸುವುದು ನಿಮಗೆ ಕಷ್ಟವಲ್ಲ. ಮಾಘದಲ್ಲಿ ಅಂಥ ಮಳೆ ಎಲ್ಲಿಂದ ಬಂತು ಎಂಬ ಸಂಶಯ ಮೊದಲು ಮೂಡಿತು. ಬೀರು ತೆರೆದು ನಾವು ಮುಡುಕುತೊರೆಗೆ ಹೋದ ವರ್ಷದ ದಿನಚರಿಯನ್ನು ತೆಗೆದೆ, ಪಂಚಾಂಗದೊಡನೆ ಹೋಲಿಸಿದೆ, ಉತ್ತರ ಬರೆದೆ: "ಮಾಘವಲ್ಲ, ಕಾರ್ತಿಕ. ಹುಣ್ಣಿಮೆಯ ಮಾರನೆಯ ದಿನವಲ್ಲ, ಚೌತಿ." ಬರೆದು, ಒಂದು ಸಂಶಯವನ್ನು ಬಗೆಹರಿಸಿದ ನೆಮ್ಮದಿಯಿಂದ ಕಾಫಿ ಕುಡಿದೆ.

ಅವರು ಅದನ್ನು ಓದಿದರೆಂದು ಫೋನು ನನಗೆ ತಿಳಿಸಿತು. ಪಕ್ಕದಲ್ಲಿ ಎರಡು ನೀಲಿ ಗೀಟುಗಳು. ಹಿಂದೆ ಕಾಗದ ಬರೆಯುತ್ತಿದ್ದಾಗ, ಉತ್ತರ ಬಾರದಿದ್ದರೆ ಅಂಚೆಯವನನ್ನು ದೂರಬಹುದಿತ್ತು. ಈ ಗೀಟುಗಳು ಆ ಸೌಲಭ್ಯವನ್ನು ಕಿತ್ತುಕೊಂಡಿವೆ. ಮರುದಿನ ಉತ್ತರವಿಲ್ಲ. ಗುರುವಾರ ಫೋನು ಮಾಡಿದೆ. ಎತ್ತಿದರು. "ಆರೋಗ್ಯವೇ?" ಎಂದೆ. ನಿಶ್ಶಬ್ದ. "ಬೇಸರವಾಯಿತೇ ಸಿದ್ದರಾಜು?" ಎಂದೆ. ಅದಕ್ಕೂ ನಿಶ್ಶಬ್ದ, ಉಸಿರು ಕೂಡ ಇಲ್ಲದ, ತೊಳೆದಿಟ್ಟಂಥ ನಿಶ್ಶಬ್ದ. ಹಳೆಯ ಫೋನಿನಲ್ಲಾದರೆ ಕೋಳಿಯ ಕೂಗು, ಬಸ್ಸಿನ ಹಾರ್ನು, ಮಹದೇವಮ್ಮನ ಪಾತ್ರೆಗಳು ಕೇಳಿಸುತ್ತಿದ್ದವು. ಮುಂದಿನ ಗುರುವಾರವೂ ಹಾಗೆಯೇ. ಕೇಳಿದ್ದು ನನ್ನ ಧ್ವನಿ ಮಾತ್ರ. ಮೂವತ್ತು ವರ್ಷದ ಸ್ನೇಹವನ್ನು ಒಂದು ತಿಥಿಗಾಗಿ ಕಳೆದುಕೊಂಡೆನೆಂದು ನನಗೆ ಖಚಿತವಾಯಿತು. ಒಂದು ವಿಷಯ ಇಷ್ಟು ಖಚಿತವಾದದ್ದು ಬದುಕಿನಲ್ಲಿ ಅಪರೂಪ, ಅದೂ ತಪ್ಪಾಗಿತ್ತು.

ಮರುದಿನವೇ ಹೋದೆ. ಸಿದ್ದರಾಜು ಮಲಗಿದ್ದರು, ಮೊದಲಿಗಿಂತ ತೆಳ್ಳಗಾಗಿದ್ದರು. ನಾನು ಹೊಸಿಲ ಬಳಿಯೇ ನಿಂತು, ಎರಡು ಗುರುವಾರ ಒಂದು ಮಾತಿಗೂ ಉತ್ತರ ಕೊಡಲಿಲ್ಲವಲ್ಲ, ಅಷ್ಟು ಕೋಪವೇ ಎಂದು ಮಹದೇವಮ್ಮನನ್ನು ಕೇಳಿದೆ.

"ಕ್ವಾಪನಾ?" ಎಂದರು ಆಕೆ. "ಎಲ್ಡು ದಿನಾನೂ ಕುಟ್ತಾನೇ ಇದ್ರಲ್ಲ ಸಾ. ನೋಡಿ, ಉಗುರು ಸೀಳೋಗದೆ. ನಿಮ್ಗೆ ಕೇಳ್ನಿಲ್ವಾ?"

ಕೇಳಲಿಲ್ಲ. ನೀಲಿ ಫೋನು ಆ ಸದ್ದನ್ನು ಆಲಿಸಿತ್ತು, ಅದು ಮನುಷ್ಯಧ್ವನಿಯಲ್ಲವೆಂದು ತೀರ್ಮಾನಿಸಿತ್ತು, ನನಗೆ ತೊಂದರೆಯಾಗದಿರಲೆಂದು ಅಳಿಸಿಹಾಕಿತ್ತು. ಕೆಂಪು ಶಾಯಿಯಲ್ಲಿ ನಾನು ಅಡಿಗೆರೆ ಎಳೆದಿದ್ದ ಗುಣವೇ ಅದು. ಅವರ ಬಳಿ ಉಳಿದಿದ್ದ ಒಂದೇ ಧ್ವನಿಯನ್ನು ನಾನು ಏಳು ವಾರ ಎರಡು ದಿನ ಅಧ್ಯಯನ ಮಾಡಿ ಕಸಿದುಕೊಂಡಿದ್ದೆ.

ಹಾಗಾದರೆ ಸಂದೇಶಕ್ಕೆ ಉತ್ತರ ಏಕಿಲ್ಲ ಎಂದು ಕೇಳಬೇಕಾಗಲಿಲ್ಲ. ಅಟ್ಟದಿಂದ ಇಳಿಸಿದ ತಗಡಿನ ಪೆಟ್ಟಿಗೆಗಳು ನಡುಮನೆಯ ತುಂಬ ಇದ್ದವು. ನನ್ನ ತಿದ್ದುಪಡಿ ಬಂದಂದಿನಿಂದ ಅವರು ತಮ್ಮ ಹಳೆಯ ಕೆಲಸದ ಪುಸ್ತಕಗಳಲ್ಲಿ ಆ ದಿನವನ್ನು ಹುಡುಕುತ್ತಿದ್ದರಂತೆ. ಪಡಿಯಚ್ಚಿನ ಅಂಚಿನಲ್ಲಿ ಊರು, ಜಾಗ, ತಾರೀಖು ಬರೆಯದೆ ಕಾಗದ ಮಡಿಸಬಾರದೆಂದು ಅವರಿಗೆ ಕಲಿಸಿದವನು ನಾನೇ. ಮಳೆಯ ದಿನದ ಆ ಪುಟ ನಿನ್ನೆಯಷ್ಟೇ ಸಿಕ್ಕಿತ್ತಂತೆ. ಅವರು ಕಡ್ಡಿಯನ್ನು ತೆಗೆದುಕೊಂಡು, ನನ್ನ ಎದುರಿಗೇ, ನಿಧಾನವಾಗಿ ಗಾಜಿನ ಮೇಲೆ ಬರೆದು ನನ್ನ ಕಡೆಗೆ ತಿರುಗಿಸಿದರು.

"ತಾರೀಖು ನಿಮ್ದೇ ಸರಿ ಸಾ. ಮಿಕ್ಕಿದ್ದು?"

ಮಿಕ್ಕದ್ದು. ನನ್ನ ದಿನಚರಿಯಲ್ಲಿ ಆ ದಿನ ಇರುವುದು ಇಷ್ಟು: ಮೂರು ಪಡಿಯಚ್ಚು, ಸಂಜೆ ಮಳೆ. ಅಂಗಿಯಿಲ್ಲ, ಬರಿಮೈ ಇಲ್ಲ, ಕಾಗದವನ್ನು ಹೊತ್ತು ಓಡಿದ ಇಬ್ಬರಿಲ್ಲ. ನನ್ನನ್ನು ಬಿಟ್ಟರೆ ಅದಕ್ಕೆಲ್ಲ ಲೋಕದಲ್ಲಿ ಇರುವ ಸಾಕ್ಷಿ ಒಬ್ಬರೇ, ಅವರು ತಿಂಗಳನ್ನು ತಪ್ಪಾಗಿ ನೆನಪಿಟ್ಟುಕೊಂಡಿದ್ದಾರೆ. ವಾರಕ್ಕೂ ತಿಥಿಗೂ ಹೊಂದಲಿಲ್ಲವೆಂದು ಎಷ್ಟೋ ದಾನಶಾಸನಗಳನ್ನು ನಾನು ಕೂಟಶಾಸನಗಳೆಂದು, ಎಂದರೆ ಖೋಟಾ ಎಂದು, ಬದಿಗೆ ಸರಿಸಿದ್ದೇನೆ. ಬರೆದವನಿಗೆ ದಿನ ತಪ್ಪಿರಬಹುದು, ಕೊಟ್ಟವನು ಕೊಟ್ಟೇ ಇರಬಹುದು ಎಂದು ಒಮ್ಮೆಯಾದರೂ ಯೋಚಿಸಿದ್ದರೆ ನನ್ನ ಕೆಲವು ಅಡಿಟಿಪ್ಪಣಿಗಳು ಇಷ್ಟು ಕಟುವಾಗುತ್ತಿರಲಿಲ್ಲ.

"ಮಿಕ್ಕದ್ದೂ ಸರಿ," ಎಂದೆ. ಅಷ್ಟು ಹೇಳಲು ನನಗೆ ಅವರಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಗಂಟಲು ನೆಟ್ಟಗಿರುವವರಿಗೆ ಈ ವಿಷಯದಲ್ಲಿ ವಿಶೇಷ ಅನುಕೂಲವೇನೂ ಇಲ್ಲ.

ಹೊರಡುವಾಗ ಮಹದೇವಮ್ಮ ರಸ್ತೆಯವರೆಗೆ ಬಂದರು. ಗಡ್ಡೆ ಮತ್ತೆ ಚಿಗುರಿದೆಯಂತೆ. "ಇನ್ನೆಷ್ಟು ದಿನ ಅಂತ ಏಳಾಕಾಗಾಕಿಲ್ಲ ಅಂದ್ರು ಡಾಕ್ಟ್ರು," ಎಂದರು, ಬಸ್ಸಿನ ವೇಳೆಯನ್ನು ಹೇಳುವ ಧ್ವನಿಯಲ್ಲಿ. ಮರುಪ್ರಶ್ನೆ ಕೇಳುವ ಅಭ್ಯಾಸ ನಾಲಿಗೆಯ ತುದಿಯವರೆಗೆ ಬಂದು ನಿಂತಿತು.

ಸಿಮ್ಮು ಈಗ ಗುಂಡಿ ಫೋನಿಗೆ ಮರಳಿದೆ. ನೀಲಿಯದನ್ನು ಬರೆಯಬೇಕೆನಿಸಿದಾಗ ಮಾತ್ರ ತೆಗೆಯುತ್ತಾರೆ. ತಂಗಿಯ ಮಗಳು ಮೊನ್ನೆ ಎರಡರಲ್ಲಿ ಯಾವುದು ಉತ್ತಮ ಎಂದು ಕೇಳಿದಳು. ಕೋಷ್ಟಕವನ್ನು ಅವಳಿಗೆ ಕೊಡಲಿಲ್ಲ. ಯಾರ ಜೊತೆ ಮಾತನಾಡುವುದಕ್ಕೆ ಎಂದು ತಿರುಗಿ ಕೇಳಿದೆ. ಅವಳು ಅದನ್ನು ಮುದುಕರ ಮಾತೆಂದು ಬಗೆದು ತನ್ನ ಫೋನಿಗೆ ಮರಳಿದಳು.

ಈ ಗುರುವಾರ ಸಿದ್ದರಾಜುವಿಗೆ ಫೋನು ಮಾಡಿ, "ಬರಲೇ?" ಎಂದೆ. ಒಂದು ಸಲ ಕುಟ್ಟಿದರು. "ಯಾವತ್ತು ಬರಲಿ?" ಎಂದು ಬಾಯಿತಪ್ಪಿ ಕೇಳಿಬಿಟ್ಟೆ, ಹೌದು ಅಲ್ಲಗಳಲ್ಲಿ ಉತ್ತರಿಸಬಹುದಾದ ಪ್ರಶ್ನೆಯಲ್ಲ ಅದು. ಆ ಕಡೆಯಿಂದ ಟಕ್, ಟಕ್, ಟಕ್ ಎಂದು ಶುರುವಾಯಿತು, ನಿಲ್ಲಲಿಲ್ಲ. ಸೋಮವಾರದಿಂದ ಎಣಿಸಬೇಕೋ, ತಿಂಗಳ ಮೊದಲ ದಿನದಿಂದಲೋ? ಮೂರರವರೆಗೆ ಎಣಿಸಿ ಬಿಟ್ಟೆ. ಚಪ್ಪಲಿ ಮೆಟ್ಟಿ ಬಸ್ ನಿಲ್ದಾಣದ ಕಡೆಗೆ ನಡೆದೆ. ಕರೆಯನ್ನು ನಿಲ್ಲಿಸುವ ಬಗೆ ಗಡಿಬಿಡಿಯಲ್ಲಿ ನೆನಪಾಗಲಿಲ್ಲ. ಕಿಸೆಯೊಳಗೆ ಅವರು ಇನ್ನೂ ಕುಟ್ಟುತ್ತಲೇ ಇದ್ದರು.